ಎರಡು ಬೆರಳು

ಗುತ್ಯಪ್ಪ ಈಗ ಎಪಿಎಂಸಿ ಯಾರ್ಡಿನಲ್ಲಿ
ಲಾರಿಯಿಂದ ಕಲ್ಲಂಗಡಿ ಇಳಿಸುತ್ತಾನೆ.
ಮೇಲಿನವನು ಎಸೆದದ್ದನ್ನು ಎದೆಗೆ ಹಿಡಿದು
ಎಡಗೈಯಿಂದ ಪಕ್ಕದವನಿಗೆ ದಾಟಿಸುತ್ತಾನೆ.
ಬಲಗೈ ಬರೀ ಜೊತೆಗಿರುತ್ತದೆ,
ಮದುವೆ ಮನೆಗೆ ಬಂದ ದೂರದ ನೆಂಟನ ಹಾಗೆ.

ಅದು ಯಾವ ಆಟ ಅಂತ
ಊರಿಗೆ ಕೊನೆವರೆಗೂ ಗೊತ್ತಾಗಲಿಲ್ಲ.
ಬೇಸ್‌ಬಾಲ್ ಅಂದರೆ "ಬಾಸ್ಕೆಟ್ಟಾ?" ಅನ್ನುವರು,
ಅಲ್ಲ ಅಂದರೆ, "ಕ್ರಿಕೆಟ್ಟೇ ಬಿಡು, ವಿಕೆಟ್ ಇಲ್ಲದ್ದು."
ಗುತ್ಯನ ಅವ್ವ ಮಾತ್ರ, ಸೊರಬದ ಕಡೆಯವಳು,
"ಹುಡುಗ ಕವಣೆ ಆಟಕ್ಕೆ ಹೋಗ್ಯಾನೆ" ಅನ್ನುತ್ತಿದ್ದಳು.
ಗದ್ದೆಯಲ್ಲಿ ಗಿಳಿ ಓಡಿಸುತ್ತ ಬಂದ ಕೈ ಅದು.
ಅವಳೇ ಹೆಚ್ಚು ಸರಿ ಅನಿಸುತ್ತದೆ.

ಪಿ.ಟಿ. ಮೇಷ್ಟ್ರು ತಿಪ್ಪೇಸ್ವಾಮಿ
ಆರು ವಾರದ ಕ್ಯಾಂಪಿನಿಂದ ತಂದದ್ದು
ಎರಡು ಚೆಂಡು, ಒಂದು ಗ್ಲೌಸು, ಪುಟ ಹರಿದ ನಿಯಮದ ಪುಸ್ತಕ.
ಹೋಮ್ ಪ್ಲೇಟಿಗೆ ನಮ್ಮ ಅಬ್ಬನ ಅಂಗಡಿಯ ಟ್ಯೂಬು ಕತ್ತರಿಸಿದೆವು.
ಹೊಲಿಗೆ ಬಿಟ್ಟಾಗ ಗಾಂಧಿ ಬಜಾರಿನ ದುರ್ಗೋಜಿ
ಚಪ್ಪಲಿ ಪಕ್ಕಕ್ಕಿಟ್ಟು, ಎಣಿಸಿ ಹೇಳಿದ:
"ನೂರೆಂಟು ಕಣ್ರೋ. ಜಪಮಾಲೆ ಲೆಕ್ಕ."

ಗ್ಲೌಸು ನನಗೆ ಬಂತು.
ಪಂಕ್ಚರ್ ಅಂಗಡಿಯವನ ಮಗನಿಗೆ
ಕುಕ್ಕರಗಾಲು ಯಾರೂ ಕಲಿಸಬೇಕಿರಲಿಲ್ಲ.

ಗುತ್ಯನ ಚೆಂಡು ಬರುವುದು ಕಾಣುತ್ತಿರಲಿಲ್ಲ,
ಬಂದದ್ದು ಕಾಣುತ್ತಿತ್ತು, ಅಂಗೈ ನಡುವೆ ಕೆಂಪಗೆ.
ಸಂಜೆ ಸೈಕಲ್ ಹ್ಯಾಂಡಲ್ ಹಿಡಿದರೆ ಉರಿ.
ನಾನು ಒಂದು ಬೆರಳು ತೋರಿಸಿದರೆ ನೇರ.
ಎರಡು ತೋರಿಸಿದರೆ ತಿರುಗುವುದು:
ಎದೆ ಮಟ್ಟದಲ್ಲಿ ಬರುತ್ತಿದ್ದದ್ದು
ಏನೋ ಮರೆತು ಬಂದವರ ಹಾಗೆ ತಡೆದು
ಮೊಣಕಾಲಿಗೆ ಇಳಿಯುತ್ತಿತ್ತು.
ಬೇಡ ಅನಿಸಿದರೆ ಎಸೆಯುವವನು ತಲೆ ಅಲ್ಲಾಡಿಸಬಹುದು.
ಪುಸ್ತಕದಲ್ಲಿ ಇರಲಿಲ್ಲ ಅದು. ಮರ್ಯಾದೆ.

ಹೊಸಪೇಟೆ, ರಾಜ್ಯದ ಸೆಲೆಕ್ಷನ್ನು.
ಮೂರು ದಿನಕ್ಕೆ ಮೂರು ಪಂದ್ಯ, ಎಸೆಯಲು ಇವನೊಬ್ಬನೇ.
ಕೊನೆ ಇನ್ನಿಂಗ್ಸು. ಎರಡು ಬೆರಳು ತೋರಿಸಿದೆ.
ತಲೆ ಅಲ್ಲಾಡಿಸಿದ.
ಮತ್ತೆ ಎರಡೇ ತೋರಿಸಿದೆ.
ಬೇಲಿಯಾಚೆ ಸೆಲೆಕ್ಟರು ಪೆನ್ನಿನ ಟೊಪ್ಪಿ ತೆಗೆದಿದ್ದ;
ಅವನು ನೋಡಲಿ ಅಂತ.
ಗುತ್ಯನನ್ನೋ, ಗುತ್ಯನನ್ನು ಹಿಡಿಯುವ ನನ್ನನ್ನೋ,
ಈ ವಯಸ್ಸಿಗೂ ಖಚಿತ ಹೇಳಲಾರೆ.

ಎಸೆದ.
ಹಸಿ ನುಗ್ಗೆಕೊಂಬೆ ಮುರಿದ ಸದ್ದು
ಅರವತ್ತು ಅಡಿ ದಾಟಿ ನನಗೆ ಕೇಳಿತು.
ಚೆಂಡು ಮಾತ್ರ ಹೇಳಿದ ಹಾಗೆ ತಿರುಗಿ
ಗ್ಲೌಸಿನಲ್ಲಿ ಬಂದು ಕೂತಿತು.
ಅಂಪೈರು ಕೈ ಎತ್ತಿದ. ನಮ್ಮ ಹುಡುಗರು
ಗೆದ್ದೆವು ಅಂತ ಕುಣಿಯುತ್ತಿದ್ದರು.

ಆಮೇಲಿನದು ಬೇಗ ಮುಗಿಯುತ್ತದೆ.
ನಾಟಿ ವೈದ್ಯರ ಮೊಟ್ಟೆ ಪಟ್ಟು, ಬಿದಿರ ದಬ್ಬೆ.
ತಡವಾಗಿ ಬಂದಿರಿ ಅಂದರು ಮೆಗ್ಗಾನಿನ ಡಾಕ್ಟರು.
ನೌಕರಿಯ ಅರ್ಜಿಯಲ್ಲಿ ಆಟಗಳ ಪಟ್ಟಿ ಇತ್ತು,
ಕೇರಂ ಕೂಡ ಇತ್ತು, ನಮ್ಮದಿರಲಿಲ್ಲ.
ಅವನಿಗಾಗ ಹತ್ತೊಂಬತ್ತು.
ರೈಸ್ ಮಿಲ್ಲು, ಗ್ಯಾಸ್ ಗೋಡೌನು, ಮದುವೆ, ಯಾರ್ಡು.
ಮಗಳು ತ್ರೋಬಾಲ್ ಆಡುತ್ತಾಳಂತೆ.
ನೋವಾದರೆ ನಿಲ್ಲಿಸು, ಯಾರು ಹೇಳಿದರೂ,
ಅಷ್ಟೇ ಅವನು ಕೊಟ್ಟ ಕೋಚಿಂಗು.

ಮೊನ್ನೆ ರೋಜಾದ ದಿನ, ಇಫ್ತಾರಿಗೆ ಹಣ್ಣು ಬೇಕಿತ್ತು.
ಗುತ್ಯ ಕಲ್ಲಂಗಡಿಗೆ ಕಿವಿ ಹಚ್ಚಿ ತಟ್ಟುತ್ತಿದ್ದ,
ಒಳಗೆ ಯಾರಿದ್ದೀರಿ ಅಂತ ಕೇಳುವವನ ಹಾಗೆ.
"ಎಷ್ಟು ಬೇಕೋ?" ಅಂದ.

ಯೋಚಿಸದೆ ಎರಡು ಬೆರಳು ತೋರಿಸಿದೆ.
ತೋರಿಸಿದ ಮೇಲೆ
ಕೈ ಎಲ್ಲಿಡಬೇಕೋ ತಿಳಿಯದೆ ಜೇಬಿಗೆ ಹಾಕಿಕೊಂಡೆ.

ಗುತ್ಯ ನೋಡಿದ.
ತಲೆ ಅಲ್ಲಾಡಿಸಿದ.
"ಒಂದು ಸಾಕು ಕಣೋ. ಇವತ್ತಿನ ಲೋಡು ಎಳೆಸು.
ನಾಳೆ ಹಿರಿಯೂರಿನದು ಬರುತ್ತೆ, ಬಾ."

ಒಂದೇ ತಗೊಂಡೆ.
ಆರು ಕಿಲೋ ಇನ್ನೂರು ಗ್ರಾಂ ತೂಗಿತು.
ಇನ್ನೂರಕ್ಕೆ ದುಡ್ಡು ಹಿಡಿಯಲಿಲ್ಲ.